ಕೋಡ್‌ನಿಂದ ಬ್ರೌಸರ್ ಓಡಿಸಲು: ವೆಬ್‌ಡ್ರೈವರ್ರೋ, ವೆಬ್‌ಸಾಕೆಟ್ಟೋ?

ಬ್ಯಾಡಗಿಯ ದಲಾಲಿ ಅಂಗಡಿಯವರೊಬ್ಬರು ಕೇಳಿದ್ದು ಇಷ್ಟೇ: ವೆಬ್‌ಪುಟದಲ್ಲಿ ಮೆಣಸಿನಕಾಯಿ ದರ ಬದಲಾದ ಕೂಡಲೇ ತಮಗೆ ಗೊತ್ತಾಗಬೇಕು. ಹುಬ್ಬಳ್ಳಿಯಲ್ಲಿ ಕೂತು ಕೋಡ್‌ನಿಂದ ಬ್ರೌಸರ್ ಓಡಿಸುವ ಎರಡೂ ದಾರಿ ತುಳಿದು ನೋಡಿದೆ.

ಬ್ರೌಸರನ್ನು ಕೋಡ್‌ನಿಂದ ನಡೆಸುವ ಸಲಕರಣೆ ಸೆಲೆನಿಯಂ 2004ರಿಂದ ಇದೆ. ಅದು ಬಳಸುವ ಮೂಲ ವೆಬ್‌ಡ್ರೈವರ್ ಪದ್ಧತಿ ಎಚ್‌ಟಿಟಿಪಿ ಮೇಲೆ ನಡೆಯುತ್ತದೆ. ನಾವು ಕೇಳಿದರೆ ಮಾತ್ರ ಬ್ರೌಸರ್ ಬಾಯಿ ಬಿಡುತ್ತದೆ. ದರ ಬಂತೇ, ಬಂತೇ ಎಂದು ಕೇಳುತ್ತಲೇ ಇರಬೇಕು. ಆದರೆ ಫೈರ್‌ಫಾಕ್ಸ್, ಸಫಾರಿ, ಕ್ರೋಮ್ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಕೋಡ್ ಸಾಕು.

ಕ್ರೋಮ್ ಜೊತೆ ನೇರವಾಗಿ ಮಾತಾಡುವ ಪದ್ಧತಿ, ಕ್ರೋಮ್ ಡೆವ್‌ಟೂಲ್ಸ್ ಪ್ರೋಟೋಕಾಲ್‌ನ ರೀತಿಯೇ ಬೇರೆ. ರಿಮೋಟ್ ಡಿಬಗ್ಗಿಂಗ್ ಪೋರ್ಟ್ 9222 ಎಂದು ಕೊಟ್ಟು ಕ್ರೋಮ್ ಶುರು ಮಾಡಿದರೆ ಒಂದು ವೆಬ್‌ಸಾಕೆಟ್ (ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತಾಡಬಹುದಾದ, ತೆರೆದೇ ಇರುವ ಸಂಪರ್ಕ) ವಿಳಾಸ ಸಿಗುತ್ತದೆ. ಆಮೇಲೆ ಎಲ್ಲವೂ ಜೇಸನ್ ಎಂಬ ಪಠ್ಯರೂಪದ ಸಂದೇಶ. ನೀವು ಕಳಿಸಿದ ಐಡಿಯನ್ನೇ ಹೊತ್ತು ಉತ್ತರ ಬರುತ್ತದೆ. ಐಡಿ ಇಲ್ಲದೆ ಬಂದದ್ದು ಈವೆಂಟ್, ಅಂದರೆ ಬ್ರೌಸರ್ ತಾನಾಗಿ ಹೇಳಿದ ಸುದ್ದಿ. ನಮಗೆ ಬೇಕಿದ್ದುದು ಅದೇ. ಮೊದಲು ಪುಟಕ್ಕೆ ಬಂದುಹೋಗುವ ಮಾಹಿತಿಯ ಸುದ್ದಿ ಕೊಡುವ ನೆಟ್‌ವರ್ಕ್ ವಿಭಾಗವನ್ನು ಎನೇಬಲ್ ಮಾಡಬೇಕು. ಅದನ್ನು ಮರೆತು ಅರ್ಧ ದಿನ ಸುಮ್ಮನೆ ಕಾಯುತ್ತ ಕೂತಿದ್ದೆ!

ಕ್ರೋಮ್ 136ರಿಂದ ಈಚೆಗೆ ಪ್ರತ್ಯೇಕ ಯೂಸರ್ ಡೇಟಾ ಫೋಲ್ಡರ್ (ಬ್ರೌಸರ್ ತನ್ನ ಮಾಹಿತಿ ಇಡುವ ಜಾಗ) ಕೊಡದಿದ್ದರೆ ಈ ಪೋರ್ಟ್ ತೆರೆಯುವುದಿಲ್ಲ. ಪೋರ್ಟಿಗೆ ಪಾಸ್‌ವರ್ಡ್ ಇಲ್ಲ. ಹೊರಗಿನ ನೆಟ್‌ವರ್ಕಿಗೆ ಬಿಟ್ಟರೆ ಲಾಗಿನ್ ಗುರುತು ಹೊತ್ತ ಕುಕೀ ಸಮೇತ ಬ್ರೌಸರ್ ಪರರ ಪಾಲು.

ಸಂದೇಶಗಳನ್ನು ಕೈಯಾರೆ ಬರೆಯಲು ಬೇಸರವಾದರೆ ಪಪೆಟಿಯರ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇದೆ. ಫೈರ್‌ಫಾಕ್ಸೂ ಬೇಕು, ಈವೆಂಟೂ ಬೇಕು ಎನ್ನುವವರು ವೆಬ್‌ಸಾಕೆಟ್ ಮೇಲೆಯೇ ನಡೆಯುವ ವೆಬ್‌ಡ್ರೈವರ್‌ನ ಹೊಸ ರೂಪ, ವೆಬ್‌ಡ್ರೈವರ್ ಬೈಡೈ ನೋಡಬಹುದು. ದಲಾಲರಿಗೆ ಕ್ರೋಮ್ ಒಂದೇ ಸಾಕಿತ್ತು, ಡೆವ್‌ಟೂಲ್ಸ್ ದಾರಿಯನ್ನೇ ಹಾಕಿಕೊಟ್ಟೆ.