ಹುವಾಚಿಂಗ್ ಅರಮನೆ: ನೀರಿಲ್ಲದ ಕೊಳಗಳನ್ನು ನೋಡಲು ಹೋಗಿ

ಚೀನಾದ ಷಿಯಾನ್ ನಗರದಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ಹೋದರೆ ಲಿಶಾನ್ ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳ ಹುವಾಚಿಂಗ್ ಅರಮನೆ ಸಿಗುತ್ತದೆ. ಮೆಟ್ರೊ 9ನೇ ಮಾರ್ಗದಲ್ಲಿ ಹುವಾಚಿಂಗ್ ಚಿ (ಹುವಾಚಿಂಗ್ ಕೊಳ) ಎಂಬ ನಿಲ್ದಾಣವಿದೆ. ಟವೆಲ್ ಹಿಡಿದುಕೊಂಡು ಹೋಗಬೇಡಿ. ಏಳರಿಂದ ಹತ್ತನೇ ಶತಮಾನದವರೆಗೆ ಆಳಿದ ಟಾಂಗ್ ರಾಜರು ಮಿಂದ ಕೊಳಗಳು ಈಗ ಒಣಗಿವೆ, ಅವುಗಳಲ್ಲಿ ಇಳಿಯುವಂತಿಲ್ಲ. ಸುಮಾರು 43 ಡಿಗ್ರಿಯ ಬುಗ್ಗೆ ನೀರು ಇನ್ನೂ ಉಕ್ಕುತ್ತದೆ, ಆವರಣದಲ್ಲಿ ಅದರಿಂದ ಕೈ ತೊಳೆದುಕೊಳ್ಳಬಹುದು.

ಆದರೂ ಇಲ್ಲಿಗೆ ಬರಬೇಕಾದದ್ದು ಆ ಒಣಕೊಳಗಳಿಗಾಗಿಯೇ. ಸರೋವರ, ಮಂಟಪ, ಕೆಂಪು ಕಂಬಗಳೆಲ್ಲ ಹೆಚ್ಚಾಗಿ ಇತ್ತೀಚಿನವು. ಜಿಯುಲೊಂಗ್ ಸರೋವರ ರೂಪುಗೊಂಡದ್ದೇ 1959ರಲ್ಲಿ. 1982ರಲ್ಲಿ ಶುರುವಾದ ಉತ್ಖನನದಲ್ಲಿ ಸಿಕ್ಕ ಕಲ್ಲಿನ ಕೊಳಗಳು ಮಾತ್ರ ಟಾಂಗ್ ಕಾಲದ ಅಸಲಿ ಕೆಲಸ. ಚಕ್ರವರ್ತಿ ಶ್ಯುವಾನ್‌ಝೊಂಗ್‌ನ ಕಮಲಕೊಳ ಸುಮಾರು 10.6 ಮೀಟರ್ ಉದ್ದ, 6 ಮೀಟರ್ ಅಗಲ. ಅವನ ಪ್ರಿಯೆ ಯಾಂಗ್ ಗುಯಿಫೆಯ್‌ಗೆ ಮೀಸಲಾಗಿದ್ದ ಹೈಟಾಂಗ್ ಕೊಳ ಅದರ ಮುಂದೆ ಪುಟ್ಟದು: 3.6 ಮೀಟರ್ ಉದ್ದ, ಅಗಲ ಮೂರು ಮೀಟರಿಗೂ ಕಡಿಮೆ. ಹೈಟಾಂಗ್ ಹೂವಿನ ಎಸಳುಗಳಂತೆ ಬಳುಕುವ ಅದರ ಅಂಚನ್ನೂ, ಎರಡು ಹಂತವಾಗಿ ಇಳಿಯುವ ಗೋಡೆಯನ್ನೂ, ನಡುವೆ ನೀರು ಚಿಮ್ಮುತ್ತಿದ್ದ ತೂತನ್ನೂ ಕಟಕಟೆಯ ಸುತ್ತ ನಡೆದು ಎಲ್ಲ ಬದಿಗಳಿಂದ ನೋಡಿ. ಒಂದೇ ಕಡೆ ನಿಂತರೆ ಬರೀ ಹೊಂಡ ಕಾಣುತ್ತದೆ. ಪ್ರವಾಸಿ ಗುಂಪುಗಳು ನಿರಾಸೆಯಿಂದ ಹೊರಬೀಳುವುದು ಇದೇ ಕಾರಣಕ್ಕೆ.

ಪ್ರೇಮಕಥೆ ಗೊತ್ತಿದ್ದರೆ ಈ ಕಲ್ಲುಗಳು ಮಾತಾಡುತ್ತವೆ. ಗುಯಿಫೆಯ್ ಮೊದಲು ಚಕ್ರವರ್ತಿಯ ಮಗನ ಹೆಂಡತಿಯಾಗಿದ್ದವಳು. 740ರಲ್ಲಿ ಅವಳನ್ನು ಕರೆಸಿಕೊಂಡದ್ದು ಈ ಬುಗ್ಗೆಯ ಅರಮನೆಗೇ. ರಾಣಿವಾಸದ ಉನ್ನತ ಪದವಿಯಾದ ‘ಗುಯಿಫೆಯ್’ ಸಿಕ್ಕಿದ್ದು 745ರಲ್ಲಿ; ಅವಳ ಹೆಸರಿನಲ್ಲಿ ಉಳಿದದ್ದು ಅದೇ. 755ರಲ್ಲಿ ಸೇನಾಪತಿ ಆನ್ ಲುಶಾನ್ ದಂಗೆಯೆದ್ದ. ಮರುವರ್ಷ ರಾಜಧಾನಿ ಬಿಟ್ಟು ಓಡುವಾಗ ಮಾವೆಯ್‌ನಲ್ಲಿ ಕಾವಲುಪಡೆ ತಿರುಗಿಬಿತ್ತು, ಅವಳ ಪ್ರಾಣ ಹೋಯಿತು. ಅರ್ಧ ಶತಮಾನದ ಮೇಲೆ, 806ರಲ್ಲಿ, ಕವಿ ಬೈ ಜೂಯಿ ಬರೆದ ನೀಳ್ಗವನ ಈ ಜೋಡಿಯನ್ನು ಅಮರಗೊಳಿಸಿತು. ಕವನದಲ್ಲಿ ಇಬ್ಬರೂ ಚೀನೀ ಪಂಚಾಂಗದ ಏಳನೇ ತಿಂಗಳ (ಸುಮಾರು ಆಗಸ್ಟ್) ಏಳನೇ ರಾತ್ರಿ ಇಲ್ಲಿ ಆಣೆ ಇಡುತ್ತಾರೆ. ದಾಖಲೆಗಳ ಪ್ರಕಾರ ಚಕ್ರವರ್ತಿ ಇಲ್ಲಿಗೆ ಬರುತ್ತಿದ್ದದ್ದು ಚಳಿಗಾಲದಲ್ಲಿ. ಗೈಡ್‌ಗಳು ಆಣೆಯ ಕಥೆಯನ್ನು ಚರಿತ್ರೆಯೆಂಬಂತೆ ಹೇಳಿದರೆ ಇದು ನೆನಪಿರಲಿ.

ಅದೇ ಆವರಣದ ಐದು ಕೋಣೆಯ ಕಟ್ಟಡವನ್ನು ಬಿಡಬೇಡಿ. 1936ರ ಡಿಸೆಂಬರ್ 12ರ ನಸುಕಿನಲ್ಲಿ ಸೈನಿಕರು ಚೀನಾದ ಆಗಿನ ನಾಯಕ ಚಿಯಾಂಗ್ ಕೈ-ಶೇಕ್‌ನನ್ನು ಹಿಡಿಯಲು ಬಂದದ್ದು ಇಲ್ಲಿಗೇ. ಗುಂಡಿನ ಗುರುತುಗಳನ್ನು ಉಳಿಸಿದ್ದಾರೆ.

ಪ್ರಾಚೀನ ಮಣ್ಣಿನ ಸೈನಿಕರ ಪ್ರತಿಮೆಗಳಾದ ಟೆರಾಕೋಟಾ ಸೈನ್ಯ ಹತ್ತಿರದಲ್ಲೇ ಇದೆ. ಬೆಳಿಗ್ಗೆ ಅದನ್ನು ಮುಗಿಸಿ ಮಧ್ಯಾಹ್ನ ಇಲ್ಲಿಗೆ ಬನ್ನಿ, ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಇದೇ ಪ್ರೇಮಕಥೆಯ ರಾತ್ರಿಯ ನೃತ್ಯರೂಪಕ ಸರೋವರದ ಮೇಲೆಯೇ ನಡೆಯುತ್ತದೆ, ಹಿಂದೆ ಲಿಶಾನ್ ಬೆಟ್ಟವೇ ಪರದೆ. ಮುಖ್ಯ ಋತು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಅದರ ಟಿಕೆಟ್ ಬೇರೆ, ಬೆಟ್ಟದ ರೋಪ್‌ವೇಗೂ ಬೇರೆ ಹಣ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಬಯಲು ರಂಗವಾದ್ದರಿಂದ ಏಪ್ರಿಲ್, ಅಕ್ಟೋಬರ್‌ನಲ್ಲಿ ಬೆಚ್ಚನೆಯ ಮೇಲಂಗಿ ಇಲ್ಲದೆ ಕೂರುವುದು ಕಷ್ಟ.