ಸೀಟು ಬಿಟ್ಟು ಮನೆಯಲ್ಲಿ ಓದುವುದಾ, ಸೀಟು ಹಿಡಿದೇ ಮತ್ತೆ ಅರ್ಜಿ ಹಾಕುವುದಾ?

ಎಂಎಸ್ಸಿಗೆ ಒಂದು ಕಡೆ ಸೇರಿದ ಮೇಲೆ, ಅದಕ್ಕಿಂತ ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಮತ್ತೆ ಅರ್ಜಿ ಹಾಕಬಹುದು. ಅದಕ್ಕೆ ಅಡ್ಡಿಯಿಲ್ಲ. ಎಂಎಸ್ಸಿ ಪ್ರವೇಶಕ್ಕೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲ. ಡಿಗ್ರಿ ಯಾವ ವರ್ಷ ಮುಗಿಸಿದಿರಿ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಪಿಜಿಗೂ ವಯಸ್ಸು ಕೇಳುವುದಿಲ್ಲ. ಹಾಗಾಗಿ ಸಿರುಗುಪ್ಪ, ಕಂಪ್ಲಿ, ಸಿಂಧನೂರು ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಬೇರೆ. ಸಿಕ್ಕ ಸೀಟು ಬಿಟ್ಟು ಒಂದು ವರ್ಷ ಮನೆಯಲ್ಲೇ ಓದುವುದು ಒಳ್ಳೆಯದಾ? ಇಲ್ಲ ಸೇರಿಕೊಂಡು, ಅಲ್ಲಿಂದಲೇ ಮತ್ತೆ ಪರೀಕ್ಷೆ ಬರೆಯುವುದಾ? ನಾನು ಎರಡನ್ನೂ ಮಾಡಿದ್ದೇನೆ. ನಮ್ಮ ಭಾಗದ ಹೆಚ್ಚಿನ ಮಕ್ಕಳಿಗೆ ಎರಡನೆಯದೇ ಒಳ್ಳೆಯದು ಅಂತ ಈಗ ಗಟ್ಟಿಯಾಗಿ ಹೇಳಬಲ್ಲೆ. ಆದರೆ ಮೊದಲನೆಯದು ಗೆಲ್ಲುವ ಜಾಗಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ.

ನನ್ನ ವಿಷಯ ರಸಾಯನಶಾಸ್ತ್ರ. 2023ರಲ್ಲಿ ಬಿಎಸ್ಸಿ ಮುಗಿಯಿತು. ಎಂಎಸ್ಸಿಗೆ ಒಂದು ಕಡೆ ಸೀಟು ಸಿಕ್ಕಿತ್ತು, ಬೇಡ ಅಂದೆ. ನನಗೆ ಬೇಕಿದ್ದದ್ದು ಹೈದರಾಬಾದ್ ವಿಶ್ವವಿದ್ಯಾಲಯ. 1974ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಅದು, ಗಚ್ಚಿಬೌಲಿಯಲ್ಲಿದೆ. ಅಲ್ಲಿನ ರಸಾಯನಶಾಸ್ತ್ರದ ಸ್ಕೂಲ್‌ಗೆ ದೇಶದಲ್ಲೇ ದೊಡ್ಡ ಹೆಸರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಗೋವರ್ಧನ್ ಮೆಹ್ತಾ ಅವರೇ ಮುಂದೆ ಬೆಂಗಳೂರಿನ ಐಐಎಸ್ಸಿಯ ನಿರ್ದೇಶಕರಾದರು. ಸಂಶೋಧನೆ ಮಾಡಬೇಕು ಎಂಬ ಆಸೆ ಇದ್ದವಳಿಗೆ ಬಳ್ಳಾರಿಯಿಂದ ಅಷ್ಟೇನೂ ದೂರವಲ್ಲದ ಕನಸು ಅದು.

ಮನೆಯ ವರ್ಷದಲ್ಲಿ ಸಮಯ ಬೇಕಾದಷ್ಟು ಸಿಕ್ಕಿತು. ಬೆಳಗ್ಗೆ ಎದ್ದರೆ ಮಧ್ಯಾಹ್ನದ ತನಕ ಯಾರೂ ಕರೆಯುತ್ತಿರಲಿಲ್ಲ. ಉಷ್ಣಬಲ ವಿಜ್ಞಾನದ ಲೆಕ್ಕಗಳನ್ನು ಒಂದರ ಹಿಂದೆ ಒಂದು ಬಿಡಿಸುತ್ತಾ ಹೋದರೆ ಕೈ ತಾನಾಗಿ ಪಳಗುತ್ತದೆ. ಆ ಸುಖ ತರಗತಿಗೆ ಹೋಗುವವರಿಗೆ ಸಿಗುವುದಿಲ್ಲ. ಆದರೆ ಕೇಳಲು ಯಾರೂ ಇರಲಿಲ್ಲ. ಪೆರಿಸೈಕ್ಲಿಕ್ ಕ್ರಿಯೆಗಳಲ್ಲಿ ಒಂದು ಅನುಮಾನ ಬಂದರೆ ಅದು ವಾರಗಟ್ಟಲೆ ಹಾಗೇ ಉಳಿಯುತ್ತಿತ್ತು. ಮೊಬೈಲ್‌ನಲ್ಲಿ ವೀಡಿಯೊ ನೋಡಿದರೆ ಉತ್ತರ ಸಿಗುತ್ತದೆ, ನಿಜ. ನಾನು ಯೋಚಿಸಿದ ದಾರಿಯಲ್ಲಿ ತಪ್ಪು ಎಲ್ಲಿದೆ ಅಂತ ವೀಡಿಯೊ ಹೇಳುವುದಿಲ್ಲ.

ದುಡ್ಡಿನ ವಿಷಯವನ್ನು ನಮ್ಮಲ್ಲಿ ತುಂಬಾ ಜನ ತಿರುಗಾಮುರುಗಾ ಲೆಕ್ಕ ಹಾಕುತ್ತಾರೆ. ಮನೆಯಲ್ಲಿದ್ದರೆ ಖರ್ಚಿಲ್ಲ, ಸೇರಿದರೆ ಖರ್ಚು ಅಂತ ಅಂದುಕೊಳ್ಳುತ್ತಾರೆ. ನನಗೆ ಆದದ್ದು ಬೇರೆ. 2023ರಲ್ಲಿ ಮಳೆ ಕೈಕೊಟ್ಟಿತು, ತುಂಗಭದ್ರಾ ಜಲಾಶಯ ತುಂಬಲಿಲ್ಲ. ನಮ್ಮ ಕಡೆಗೆ ಬರುವ ಅದರ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ)ಯಲ್ಲಿ ಎರಡನೇ ಬೆಳೆಗೆ ನೀರು ಬರಲಿಲ್ಲ. ಒಂದೇ ಬೆಳೆ ಭತ್ತದಲ್ಲಿ ಮನೆ ನಡೆಯಬೇಕು, ಅದರಲ್ಲೇ ನನ್ನ ಆನ್‌ಲೈನ್ ಕೋಚಿಂಗ್, ಪರೀಕ್ಷೆ ಶುಲ್ಕ, ಪುಸ್ತಕ. ಎಲ್ಲೂ ಸೇರದವರಿಗೆ ವಿದ್ಯಾರ್ಥಿವೇತನವೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಮರುವರ್ಷ ಬಳ್ಳಾರಿಯಲ್ಲಿ ಸೇರಿದ ಮೇಲೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ನಲ್ಲಿ ಊಟ, ವಸತಿ ಸಿಕ್ಕಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಆಗ ತಿಂಗಳಿಗೆ 1500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಊರಿಗೆ ಹೋಗಿ ಬರುವುದು ಶಕ್ತಿ ಯೋಜನೆಯ ಬಸ್ಸಿನಲ್ಲಿ, ಟಿಕೆಟ್ ದುಡ್ಡಿಲ್ಲ. ಕೂಡಿ ಕಳೆದು ನೋಡಿದರೆ ಸೇರಿದ ವರ್ಷವೇ ಅಪ್ಪನಿಗೆ ಹಗುರವಾಯಿತು.

ಇನ್ನೊಂದು ಭಾರ ಲೆಕ್ಕಕ್ಕೆ ಸಿಗದು. ಮನೆಯಲ್ಲಿ ಕುಳಿತ ಹುಡುಗಿಗೆ ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಅಂಗಡಿ ಮುಂದೆ ಒಂದೇ ಪ್ರಶ್ನೆ: "ಈಗ ಏನ್ ಓದಾಕತ್ತೀಯವ್ವ?" ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ ಅಂದರೆ ಮುಂದಿನ ಮಾತು ಸಂಬಂಧದ ಬಗ್ಗೆ. ಹುಡುಗರಿಗೆ ಈ ಕಾಟ ಕಡಿಮೆ ಇರಬಹುದು. ನಮಗಂತೂ ಒಂದು ವರ್ಷದ ಖಾಲಿ ಜಾಗವನ್ನು ಬೇರೆ ಯಾರೋ ತುಂಬಲು ಬಂದೇ ಬರುತ್ತಾರೆ. ಎಂಎಸ್ಸಿ ಓದುತ್ತಿದ್ದೇನೆ ಎಂಬ ಒಂದು ಮಾತಿಗೆ ಅದೆಲ್ಲ ನಿಂತಿತು. ನಮ್ಮ ಅವ್ವ ಮೊದಲಿಂದಲೂ ಹೇಳುತ್ತಿದ್ದದ್ದು ಇದನ್ನೇ: "ಕೈಯಾಗಿನ ಸೀಟು ಬಿಡಬ್ಯಾಡ, ಅಲ್ಲೇ ಕುಂತು ಓದು."

2024ರಲ್ಲಿ ಸೇರಿದ್ದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ. 2010ರಲ್ಲಿ ಆದ ವಿಶ್ವವಿದ್ಯಾಲಯ, ಅದಕ್ಕೂ ಮೊದಲು ಗುಲ್ಬರ್ಗ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಹೆಸರು ಸಣ್ಣದು ಅಂತ ಅಲ್ಲಿನ ಓದನ್ನು ಸಣ್ಣದು ಅಂದುಕೊಳ್ಳಬೇಡಿ. ಮೊದಲ ಸೆಮಿಸ್ಟರ್‌ನಲ್ಲೇ ಕ್ವಾಂಟಮ್ ರಸಾಯನಶಾಸ್ತ್ರ ಮತ್ತು ಸ್ಟೀರಿಯೊಕೆಮಿಸ್ಟ್ರಿ ಪಾಠ ಶುರುವಾದವು. ಹಿಂದಿನ ವರ್ಷ ಮನೆಯಲ್ಲಿ ಕಣ್ಣು ಮುಚ್ಚಿ ಸೂತ್ರ ಹಾಕುತ್ತಿದ್ದ ಪೆಟ್ಟಿಗೆಯೊಳಗಿನ ಕಣದ ಲೆಕ್ಕ, ಬೋರ್ಡಿನ ಮೇಲೆ ಮೊದಲಿಂದ ಕೊನೆಯ ತನಕ ಬಿಡಿಸಿ ತೋರಿಸಿದ ಮೇಲೆ ನನ್ನದಾಯಿತು. ಲ್ಯಾಬ್‌ನಲ್ಲಿ ಗೆಳತಿಯರ ಜೊತೆ ಟೈಟ್ರೇಷನ್ ಮಾಡುತ್ತಾ ವಿಶ್ಲೇಷಣಾ ರಸಾಯನಶಾಸ್ತ್ರದ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆವು.

ಕಷ್ಟ ಇದ್ದದ್ದು ಸಮಯದಲ್ಲಿ. ಬೆಳಗ್ಗೆ ಥಿಯರಿ, ಮಧ್ಯಾಹ್ನ ಲ್ಯಾಬ್, ರಾತ್ರಿ ರೆಕಾರ್ಡ್. ಹಾಜರಿ ಬೇಕು, ಇಂಟರ್ನಲ್ಸ್ ಬರೆಯಬೇಕು. ಜ್ಯಾಮ್ ಫೆಬ್ರವರಿಯಲ್ಲಿ ಬರುತ್ತದೆ, ಸಿಯುಇಟಿ ಮಾರ್ಚ್‌ನಲ್ಲಿ. ಎರಡೂ ಮೊದಲ ಸೆಮಿಸ್ಟರ್‌ನ ಕೊನೆಯ ಗದ್ದಲದ ಆಸುಪಾಸೇ. ದಿನಕ್ಕೆ ಓದಲು ಸಿಕ್ಕ ಹೊತ್ತು ಮನೆಯ ವರ್ಷದ ಅರ್ಧವೂ ಇರಲಿಲ್ಲ. ಆದರೂ ಅಂಕ ಜಾಸ್ತಿ ಬಂದದ್ದು ಈ ವರ್ಷವೇ. ಕಡಿಮೆ ಹೊತ್ತಿದೆ ಅಂತ ಗೊತ್ತಿದ್ದರೆ ಯಾವ ಪಾಠ ಬಿಡಬೇಕು ಎಂಬ ನಿರ್ಧಾರ ಬೇಗ ಆಗುತ್ತದೆ. ಮನೆಯಲ್ಲಿ ನಾನು ಏನನ್ನೂ ಬಿಡದೆ, ಎಲ್ಲವನ್ನೂ ಅರ್ಧ ಅರ್ಧ ಓದಿದ್ದೆ.

ಈಗ ಪರೀಕ್ಷೆಗಳ ಮಾತು. ಎರಡೂ ವರ್ಷ ಎರಡನ್ನೂ ಬರೆದೆ. ಅವೆರಡೂ ಒಂದೇ ಓದಿಗೆ ಒಲಿಯುವ ಪರೀಕ್ಷೆಗಳಲ್ಲ.

ಜ್ಯಾಮ್ ಮೂರು ಗಂಟೆಯ ಪರೀಕ್ಷೆ. 60 ಪ್ರಶ್ನೆ, 100 ಅಂಕ. ಮೊದಲ 30 ಪ್ರಶ್ನೆಗಳು ನಾಲ್ಕರಲ್ಲಿ ಒಂದನ್ನು ಆರಿಸುವಂಥವು, 50 ಅಂಕ. ಇಲ್ಲಿ ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಆಮೇಲೆ 10 ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು, ಎಲ್ಲ ಸರಿ ಗುರುತಿಸಿದರೆ ಮಾತ್ರ 2 ಅಂಕ. ಕೊನೆಯ 20ಕ್ಕೆ ಆಯ್ಕೆಗಳೇ ಇಲ್ಲ. ಲೆಕ್ಕ ಮಾಡಿ ಬಂದ ಸಂಖ್ಯೆಯನ್ನು ಟೈಪ್ ಮಾಡಬೇಕು. ಈ ಕೊನೆಯ ಎರಡು ಭಾಗಗಳ 50 ಅಂಕಕ್ಕೆ ನೆಗೆಟಿವ್ ಇಲ್ಲ. ಕ್ಯಾಲ್ಕುಲೇಟರ್ ಪರದೆಯ ಮೇಲೇ ಕೊಡುತ್ತಾರೆ, ಅದನ್ನು ಮೌಸ್‌ನಲ್ಲಿ ಒತ್ತಿ ಅಭ್ಯಾಸ ಮಾಡಿಕೊಂಡೇ ಹೋಗಿ. ಒಂದು ಪ್ರಶ್ನೆಗೆ ಸರಾಸರಿ ಮೂರು ನಿಮಿಷ ಸಿಗುತ್ತದೆ, ಆದರೆ ಪ್ರಶ್ನೆಗಳು ಆ ಮೂರು ನಿಮಿಷವನ್ನೂ ತಿನ್ನುತ್ತವೆ.

ಸಿಯುಇಟಿಯಲ್ಲಿ 75 ಪ್ರಶ್ನೆ, ಎಲ್ಲವೂ ಆಯ್ಕೆಯವೇ. ಸರಿಗೆ 4, ತಪ್ಪಿಗೆ ಮೈನಸ್ 1, ಒಟ್ಟು 300 ಅಂಕ. 2024ರಲ್ಲಿ 105 ನಿಮಿಷ ಕೊಟ್ಟಿದ್ದರು, 2025ರಲ್ಲಿ ಅದು 90 ನಿಮಿಷಕ್ಕೆ ಇಳಿಯಿತು. ಅಂದರೆ ಒಂದು ಪ್ರಶ್ನೆಗೆ 72 ಸೆಕೆಂಡ್, ಅದರಲ್ಲೇ ಕೈಲೆಕ್ಕ. ಪ್ರಶ್ನೆಗಳ ಆಳ ಜ್ಯಾಮ್‌ನಷ್ಟಿಲ್ಲ. ಬಿಎಸ್ಸಿ ಪಾಠ ನೆನಪಿನಲ್ಲಿ ಹಸಿಯಾಗಿ ಇರಬೇಕು, ಕೈ ಓಡಬೇಕು, ಅಷ್ಟೇ.

ನನ್ನ ಅನುಭವದಲ್ಲಿ, ಮನೆಯಲ್ಲಿ ಕುಳಿತು ಓದುವುದು ಜ್ಯಾಮ್‌ನ ಸಂಖ್ಯೆಯ ಪ್ರಶ್ನೆಗಳಿಗೆ ನಿಜವಾಗಿ ಸಹಾಯ ಮಾಡುತ್ತದೆ. ಅಲ್ಲಿ ಉದ್ದನೆಯ, ಮುರಿಯದ ಹೊತ್ತು ಬೇಕು. ಐಐಟಿಯೇ ಬೇಕು, ಬೇರೆ ಏನೂ ಬೇಡ ಅನ್ನುವವರು, ಮನೆಯ ಸ್ಥಿತಿ ಒಪ್ಪಿದರೆ, ಒಂದು ವರ್ಷ ಬಿಟ್ಟು ಓದುವುದರಲ್ಲಿ ಅರ್ಥವಿದೆ. ಬಿಎಸ್ಸಿಯ ಬುನಾದಿಯೇ ಸಡಿಲವಾಗಿದ್ದರೂ ಹಾಗೆಯೇ. ಸಿಯುಇಟಿಗೆ ಮಾತ್ರ ವರ್ಷ ಬಿಡುವುದು ಬೇಡ. ಸೇರಿಕೊಂಡು, ಸಂಜೆ ಹಾಸ್ಟೆಲ್‌ನಲ್ಲಿ ನಾಲ್ಕು ಜನ ಕೂತು ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ಸಾಕು. ಪಕ್ಕದವಳು ಮುಂದಿನ ಪುಟಕ್ಕೆ ಹೋದಳು ಅನ್ನುವುದು ಕಂಡಾಗಲೇ ನಮ್ಮ ಕೈ ಬೇಗ ಓಡುವುದು.

ಒಂದೇ ಜ್ಯಾಮ್ ಅಂಕದಲ್ಲಿ ಐಐಟಿಗಳಿಗೂ, ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ, ಎನ್‌ಐಟಿಗಳ ಎಂಎಸ್ಸಿ ಸೀಟು ಹಂಚುವ ಸಿಸಿಎಂಎನ್ ಕೌನ್ಸೆಲಿಂಗ್ ಮೂಲಕ ಸುರತ್ಕಲ್‌ನಂಥ ಎನ್‌ಐಟಿಗಳಿಗೂ ಪ್ರಯತ್ನಿಸಬಹುದು. ಸಿಯುಇಟಿ ಬಾಗಿಲು ಹೈದರಾಬಾದ್‌ಗೂ, ನಮ್ಮ ಕಲಬುರಗಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ತೆರೆಯುತ್ತದೆ. ನನಗೆ ಜ್ಯಾಮ್‌ನಲ್ಲಿ ಐಐಟಿ ಸಿಗುವ ರ‍್ಯಾಂಕ್ ಎರಡೂ ಸಲ ಬರಲಿಲ್ಲ. ಸಿಯುಇಟಿ ಅಂಕದಲ್ಲಿ ಎರಡನೇ ವರ್ಷ ಹೈದರಾಬಾದ್ ಪಟ್ಟಿಯಲ್ಲಿ ಹೆಸರು ಬಂತು.

ಆಗ ಎದುರಾದದ್ದು ನಿಜವಾದ ಕಷ್ಟ. ಬಳ್ಳಾರಿಯಲ್ಲಿ ಎರಡನೇ ಸೆಮಿಸ್ಟರ್ ನಡೆಯುತ್ತಿತ್ತು, ಪರೀಕ್ಷೆ ಆಗಿರಲಿಲ್ಲ. ಹೋದರೆ ಅಲ್ಲಿ ಮೊದಲ ಸೆಮಿಸ್ಟರ್‌ನಿಂದ ಶುರು. ಇನ್ನೊಂದು ವರ್ಷ ಇಲ್ಲೇ ಇದ್ದರೆ ಎಂಎಸ್ಸಿ ಕೈಗೆ ಬರುತ್ತದೆ. ಜೊತೆಗೆ ಓದುತ್ತಿದ್ದ ಒಬ್ಬ ಗೆಳತಿಗೂ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಬಂದಿತ್ತು. ಅವಳು ಹೋಗಲಿಲ್ಲ. ಅವಳಿಗೆ ರಾಜ್ಯದ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆಸೆಟ್ ಬರೆದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆ. ಅದಕ್ಕೆ ಎಂಎಸ್ಸಿ ಎಲ್ಲಿ ಮಾಡಿದೆ ಎಂಬುದಕ್ಕಿಂತ ಬೇಗ ಮುಗಿಸುವುದು ಮುಖ್ಯ. ಅವಳ ನಿರ್ಧಾರ ಪೂರ್ತಿ ಸರಿ ಅಂತ ನನಗೆ ಅನ್ನಿಸುತ್ತದೆ. ಸಂಶೋಧನೆಗೆ ಹೋಗುವವರಿಗೂ ಇಲ್ಲೇ ಮುಗಿಸಿ, ನೆಟ್ ಅಥವಾ ಗೇಟ್ ಬರೆದು, ಪಿಎಚ್‌ಡಿಗೆ ದೊಡ್ಡ ಜಾಗಕ್ಕೆ ಹೋಗುವ ದಾರಿ ಇದೆ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ.

ನಾನು ಹೈದರಾಬಾದ್‌ಗೆ ಹೊರಟದ್ದಕ್ಕೆ ಕಾರಣ ಲ್ಯಾಬ್. ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಯಂತ್ರದ ಬಗ್ಗೆ ಪುಸ್ತಕದಲ್ಲಿ ಓದಿ ಸ್ಪೆಕ್ಟ್ರಮ್ ಬಿಡಿಸುವುದಕ್ಕೂ, ತಾನೇ ಮಾಡಿದ ಸಂಯುಕ್ತದ ಸ್ಪೆಕ್ಟ್ರಮ್ ಅದೇ ವಾರ ಕೈಗೆ ಬರುವುದಕ್ಕೂ ವ್ಯತ್ಯಾಸ ತುಂಬಾ ಇದೆ. ಪಾಠದ ಮಟ್ಟದಲ್ಲಿ ಎರಡು ಊರಿನ ನಡುವೆ ನಾನು ಹೆದರಿದಷ್ಟು ಅಂತರ ಕಾಣಲಿಲ್ಲ. ಬಳ್ಳಾರಿಯಲ್ಲಿ ಕಲಿತ ಕ್ವಾಂಟಮ್ ಪಾಠ ಹೈದರಾಬಾದ್‌ನಲ್ಲಿ ನನ್ನನ್ನು ತರಗತಿಯಲ್ಲಿ ಮುಂದೆ ಇಟ್ಟಿದೆ. ಅಂತರ ಇರುವುದು ಯಂತ್ರಗಳಲ್ಲಿ, ಪಕ್ಕದ ಬೆಂಚಿನವರು ಏನೇನು ಕನಸು ಕಾಣುತ್ತಾರೆ ಎಂಬುದರಲ್ಲಿ. ನಿಮ್ಮ ಗುರಿಗೆ ಆ ಎರಡು ಬೇಕಿಲ್ಲ ಅಂದರೆ ಒಂದು ವರ್ಷ ಕಳೆದುಕೊಳ್ಳುವುದು ಜಾಸ್ತಿಯಾಯಿತು.

ಕಾಗದ ಪತ್ರದಲ್ಲಿ ನಮ್ಮ ಭಾಗದವರು ಎಡವುವ ಜಾಗ ಒಂದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ನಮಗೆ ಕಲ್ಯಾಣ ಕರ್ನಾಟಕದವರು ಅಂತ ತೋರಿಸುವ 371(ಜೆ) ಪ್ರಮಾಣಪತ್ರ ಅಂದರೆ ದೊಡ್ಡ ಆಸರೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ 70% ಸೀಟು ಈ ಭಾಗದವರಿಗೇ. ಜ್ಯಾಮ್‌ನಲ್ಲಾಗಲಿ ಸಿಯುಇಟಿಯಲ್ಲಾಗಲಿ ಅದಕ್ಕೆ ಜಾಗವಿಲ್ಲ. ರಾಜ್ಯದ ಹಿಂದುಳಿದ ವರ್ಗದ 2ಎ, 3ಬಿ ಪ್ರಮಾಣಪತ್ರವೂ ಅಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಓಬಿಸಿ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರ ಮಾಡಿಸಿ. ಅದು ಆಯಾ ಹಣಕಾಸು ವರ್ಷದ್ದಾಗಿರಬೇಕು. ಹಿಂದಿನ ಸಲ ಮಾಡಿಸಿದ್ದು ಇದೆಯಲ್ಲ ಅಂತ ಸುಮ್ನೆ ಇರಬೇಡಿ, ಏಪ್ರಿಲ್ ಬಂದ ಕೂಡಲೇ ಹೊಸದಕ್ಕೆ ಅರ್ಜಿ ಕೊಡಿ.

ಮೂಲ ಅಂಕಪಟ್ಟಿಗಳನ್ನು ಕಾಲೇಜು, ವಿಶ್ವವಿದ್ಯಾಲಯಗಳು ತಮ್ಮಲ್ಲೇ ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅದೇ ನಿಯಮದಲ್ಲಿ ಶುಲ್ಕದ ಮಾತೂ ಇದೆ: ಪ್ರವೇಶದ ಕೊನೆಯ ದಿನ ಕಳೆದು 30 ದಿನದ ಮೇಲಾದರೆ ವಾಪಸ್ ಏನೂ ಬರುವುದಿಲ್ಲ. ಒಂದು ವರ್ಷ ಓದಿ ಬಿಡುವವರು ಆ ಆಸೆ ಇಟ್ಟುಕೊಳ್ಳಬಾರದು. ಹೊಸ ಕಡೆ ಸೇರಲು ಟಿಸಿ ಮತ್ತು ಹಳೆಯ ವಿಶ್ವವಿದ್ಯಾಲಯ ಕೊಡುವ ಮೈಗ್ರೇಷನ್ ಪ್ರಮಾಣಪತ್ರ ಎರಡೂ ಬೇಕು. ಮೈಗ್ರೇಷನ್ ಕೈಗೆ ಬರಲು ಸಮಯ ಹಿಡಿಯುವುದರಿಂದ ಅರ್ಜಿಯ ರಸೀದಿ ಜೋಪಾನ ಮಾಡಿ. ಸೇರುವ ದಿನ ನಾನು ಅದನ್ನು ತೋರಿಸಿ, ಪ್ರಮಾಣಪತ್ರ ಆಮೇಲೆ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟೆ. ವಿಭಾಗದ ಮೇಷ್ಟ್ರುಗಳಿಗೆ ಪರೀಕ್ಷೆ ಬರೆಯುವ ಮೊದಲೇ ವಿಷಯ ಹೇಳಿಬಿಡಿ. ನಾನು ಹೇಳಿದ್ದೆ, ಅವರು ಸಂತೋಷದಿಂದ ರಜೆ ಕೊಟ್ಟರು, ಅನುಮಾನಗಳಿಗೆ ಭಾನುವಾರವೂ ಕೂತು ಉತ್ತರ ಹೇಳಿದರು.