ಎಂಜಿನ್ ಲೈಟ್ ಹತ್ತಿದೆ ಅಂತ ಸೆನ್ಸರ್ ಬದಲಿಸಲು ಒಪ್ಪಬೇಡಿ

ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಇಟ್ಟುಕೊಂಡವರು, ಅದರಲ್ಲೂ ಅಪ್ಪನೋ ಮಾವನೋ ಒಬ್ಬರೇ ಗ್ಯಾರೇಜಿಗೆ ಹೋಗಿಬರುವ ಮನೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. ತುಮಕೂರಿನಲ್ಲಿರುವ ನಮ್ಮ ಮಾವನಿಂದ ಒಂದು ಗ್ಯಾರೇಜಿನವರು ಮೂವತ್ತು ಸಾವಿರಕ್ಕೂ ಹೆಚ್ಚು ಕಿತ್ತುಕೊಂಡರು. ಕಾಯಿಲೆ ಇದ್ದದ್ದು ಕೆಲವೇ ನೂರು ರೂಪಾಯಿಯ ಒಂದು ರಬ್ಬರ್ ಪೈಪಿನಲ್ಲಿ.

ಕಾರು 2006ರ ಸೆಡಾನ್, 1.8 ಲೀಟರ್ ಎಂಜಿನ್. ಮಾವ ಮೊದಲ ದಿನವೇ ಮೆಕ್ಯಾನಿಕ್‌ಗೆ ಹೇಳಿದ್ದರಂತೆ: "ಹೈವೇಲಿ ಚೆನ್ನಾಗೇ ಓಡುತ್ತೆ ಕಣಪ್ಪ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಅದುರುತ್ತೆ, ಮಿಸ್ಸಿಂಗ್ ಹೊಡೆಯುತ್ತೆ, ಒಂದೊಂದು ಸಲ ಆಫೇ ಆಗಿಬಿಡುತ್ತೆ." ಕಾಯಿಲೆ ಎಲ್ಲಿದೆ ಅನ್ನುವುದಕ್ಕೆ ಆ ಮಾತಿಗಿಂತ ಒಳ್ಳೆಯ ಸುಳಿವು ಬೇಕಿರಲಿಲ್ಲ. ಆದರೆ ಅವರು ಕೇಳಿಸಿಕೊಳ್ಳಲಿಲ್ಲ. ಸ್ಕ್ಯಾನರ್ ಹಚ್ಚಿದರು, ಪಿ0171 ಅನ್ನುವ ಕೋಡ್ ಬಂತು, "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್" ಅಂದರು.

ಪಿ0171ರ ಅರ್ಥ ಅದಲ್ಲ. ಎಂಜಿನ್‌ಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಅಂತ ಅಷ್ಟೇ ಅದು ಹೇಳುತ್ತದೆ. ಸರಿಯಾಗಿ ಉರಿಯಲು ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಏರ್ ಫಿಲ್ಟರ್ ಆದಮೇಲೆ ಕೂತಿರುವ ಏರ್‌ಫ್ಲೋ ಸೆನ್ಸರ್ ಒಳಗೆ ಹೋಗುವ ಗಾಳಿಯನ್ನು ಅಳೆಯುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಆ ಲೆಕ್ಕಕ್ಕೆ ಪೆಟ್ರೋಲ್ ಬಿಡುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆಯಾ ಅಂತ ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ನೋಡುತ್ತದೆ. ನಮ್ಮ ಕಾರಿನಲ್ಲಿ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಕಳ್ಳತನವಾಗಿದೆ ಅಂತ ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕಿದ ಹಾಗೆ, ಅದನ್ನೇ ಬಿಚ್ಚಿ ಎಸೆದರು.

ಹೊಸ ಸೆನ್ಸರ್ ಹಾಕಿದ ಮೇಲೆ ಬ್ಯಾಟರಿ ವೈರ್ ಕಿತ್ತು ಮತ್ತೆ ಹಾಕಿದರು. ಲೈಟ್ ಆರಿತು. ಹೀಗೆ ಮಾಡಿದರೆ ಕೋಡ್ ಅಳಿಸಿಹೋಗುತ್ತದೆ, ಕೋಡ್ ಬಂದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಯಾವ ವೇಗದಲ್ಲಿತ್ತು ಎಂಬ ದಾಖಲೆಯೂ ಹೋಗುತ್ತದೆ. ಇಸಿಯು ಮೊದಲಿಂದ ಲೆಕ್ಕ ಹಾಕಿ ಮತ್ತೆ ಲೈಟ್ ಹಚ್ಚಲು ಒಂದಷ್ಟು ಓಡಾಟ ಬೇಕು. ಅಷ್ಟರಲ್ಲಿ ನೀವು ಬಿಲ್ ಕಟ್ಟಿ ಮನೆ ಸೇರಿರುತ್ತೀರಿ. ಕೋಡ್ ಏನು ಬಂತು ಅಂತ ನಿಮ್ಮ ಫೋನಿನಲ್ಲಿ ಫೋಟೋ ತೆಗೆದುಕೊಳ್ಳುವ ತನಕ ಅಳಿಸಲು ಬಿಡಬೇಡಿ.

ಲೈಟ್ ಮತ್ತೆ ಬಂತು. ಈ ಸಲ ಏರ್‌ಫ್ಲೋ ಸೆನ್ಸರ್ ಸರದಿ. ಇಲ್ಲಿ ಮಾಡಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಆ ಸೆನ್ಸರಿನ ಕನೆಕ್ಟರ್ ಕಿತ್ತರು. ಕಿತ್ತರೆ ಪಿ0102, ಪಿ0113 ಥರದ ಕೋಡ್ ಬಂದೇ ಬರುತ್ತದೆ, ಸೆನ್ಸರ್ ಹೊಚ್ಚಹೊಸದಾದರೂ ಬರುತ್ತದೆ. ಅದನ್ನೇ ಮಾವನಿಗೆ ತೋರಿಸಿ, "ನೋಡಿ ಸಾರ್, ಈಗ ಇದೂ ಫೇಲ್ ತೋರಿಸ್ತಿದೆ" ಅಂದರು. ಎಪ್ಪತ್ತು ದಾಟಿದ ಮನುಷ್ಯ, ಪರದೆ ಮೇಲೆ ಕೆಂಪಕ್ಷರ ನೋಡಿ ಹೂಂ ಅಂದರು. ಒರಿಜಿನಲ್ ಅಂತ ದುಡ್ಡು ತೆಗೆದುಕೊಂಡು ಹಾಕಿದ್ದು ಡೂಪ್ಲಿಕೇಟ್. ಅದುರುವುದು ನಿಲ್ಲಲಿಲ್ಲ, ಪಿಕಪ್ಪೂ ಹೋಯಿತು. ಆಮೇಲೆ "ಕ್ಯಾಟಲಿಟಿಕ್ ಕನ್ವರ್ಟರ್ ಬ್ಲಾಕ್ ಆಗಿದೆ, ಬದಲಿಸಬೇಕು" ಅಂದಾಗ (ಹೊಗೆಯಲ್ಲಿನ ವಿಷಾನಿಲ ಕಮ್ಮಿ ಮಾಡುವ ಭಾಗ ಅದು) ಮಾವ ನನಗೆ ಫೋನ್ ಮಾಡಿದರು.

ಕಾರನ್ನು ಬೆಂಗಳೂರಿಗೆ ತರಿಸಿಕೊಂಡು, ಬ್ಲೂಟೂತ್ ಸ್ಕ್ಯಾನರ್ ಹಚ್ಚಿ ಫ್ಯುಯೆಲ್ ಟ್ರಿಮ್ ನೋಡಿದೆ. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಮ್ಮಿ ಪೆಟ್ರೋಲ್ ಬಿಡುತ್ತಿದೆ ಅನ್ನುವ ಅಂಕಿ ಅದು. ಸೊನ್ನೆಯಿಂದ ಹತ್ತು ಆ ಕಡೆ ಈ ಕಡೆ ಇದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಅದು +30 ದಾಟಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ +15ರ ಆಸುಪಾಸಿಗೆ ಇಳಿಯಿತು. ಈ ಇಳಿತವೇ ಮುಖ್ಯ. ಐಡಲ್‌ನಲ್ಲಿ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರುತ್ತದೆ, ಇಂಥ ಎಂಜಿನ್ ಸೆಕೆಂಡಿಗೆ ಎಳೆಯುವ ಗಾಳಿ ಎರಡು ಮೂರು ಗ್ರಾಂ ಅಷ್ಟೇ. ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲಾದರೂ ಬಿರುಕಿದ್ದರೆ, ಅಳತೆಗೆ ಸಿಗದೆ ಅಲ್ಲಿಂದ ನುಗ್ಗುವ ಗಾಳಿ ಆಗ ದೊಡ್ಡ ಪಾಲು. ವೇಗ ಏರಿದರೆ ಒಟ್ಟು ಗಾಳಿ ಹಲವು ಪಟ್ಟಾಗುತ್ತದೆ, ಬಿರುಕಿನ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಮಾವ ಹೇಳಿದ್ದ ಹೈವೇ ಮತ್ತು ಸಿಗ್ನಲ್ ಕಥೆ ಇದೇ. ಅಂಕಿ ಇದಕ್ಕೆ ತದ್ವಿರುದ್ಧವಾಗಿ, ವೇಗ ಏರಿದಂತೆ ತಾನೂ ಏರುತ್ತಿದ್ದರೆ, ಪೆಟ್ರೋಲ್ ಫಿಲ್ಟರ್ ಅಥವಾ ಪಂಪ್ ಕಡೆ ನೋಡಬೇಕು.

ಗುರುತಿನ ಮೆಕ್ಯಾನಿಕ್ ಒಬ್ಬರು ಸ್ಮೋಕ್ ಟೆಸ್ಟ್ ಮಾಡಿದರು. ಎಂಜಿನ್ ಆಫ್ ಮಾಡಿ ಗಾಳಿ ಹೋಗುವ ದಾರಿಯೊಳಗೆ ಹೊಗೆ ಬಿಟ್ಟರೆ, ಸ್ವಲ್ಪ ಹೊತ್ತಿನಲ್ಲೇ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೆಳಗಿಂದ ಹೊಗೆ ಎದ್ದಿತು. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿ ದಾರಿಗೆ ಒಯ್ಯುವ ಪಿಸಿವಿ ಪೈಪ್ ಬಾಗುವ ಕಡೆ, ಕಣ್ಣಿಗೆ ಕಾಣದ ಕೆಳಮೈಯಲ್ಲಿ, ಉದ್ದಕ್ಕೆ ಸೀಳಿತ್ತು. ಎಂಜಿನ್ ಶಾಖಕ್ಕೆ ಇಷ್ಟು ವರ್ಷದಲ್ಲಿ ರಬ್ಬರ್ ಗಟ್ಟಿಯಾಗಿ ಹೀಗಾಗುವುದು ಸಾಮಾನ್ಯ. ಪೈಪ್ ಬದಲಿಸಿದ ಮೇಲೆ ಐಡಲ್‌ನಲ್ಲೂ 2500ರಲ್ಲೂ ಟ್ರಿಮ್ ಒಂದೇ ಸಮ, +13. ಎಲ್ಲ ವೇಗದಲ್ಲೂ ಹೀಗೆ ಸಮನಾಗಿ ಉಳಿದದ್ದು ಆ ಡೂಪ್ಲಿಕೇಟ್ ಸೆನ್ಸರ್ ಗಾಳಿಯನ್ನು ಕಮ್ಮಿ ತೋರಿಸುತ್ತಿತ್ತು ಅಂತ. ತುಮಕೂರಿನ ಗ್ಯಾರೇಜಿಗೆ ಹೋಗಿ ಪಟ್ಟು ಹಿಡಿದು ಕೂತ ಮೇಲೆ ಹಳೆಯ ಏರ್‌ಫ್ಲೋ ಸೆನ್ಸರ್ ವಾಪಸ್ ಕೊಟ್ಟರು. ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆದು ಹಾಕಿದರೆ ಟ್ರಿಮ್ +3ಕ್ಕೆ ಬಂತು. ಕನ್ವರ್ಟರ್‌ಗೆ ಏನೂ ಆಗಿರಲಿಲ್ಲ. ಹಳೆಯ ಆಕ್ಸಿಜನ್ ಸೆನ್ಸರ್ ಮಾತ್ರ ಕೊನೆಗೂ ಸಿಗಲಿಲ್ಲ.

ನೀವು ಮೆಕ್ಯಾನಿಕ್ ಆಗಬೇಕಿಲ್ಲ, ಒಂದೇ ಪ್ರಶ್ನೆ ಕೇಳಿ: "ಈ ಸೆನ್ಸರ್ ಕೆಟ್ಟಿದೆ ಅಂತ ಯಾವ ಅಳತೆ ತೆಗೆದು ಹೇಳ್ತಿದ್ದೀರಿ?" ನಿಜವಾಗಿ ನೋಡಿದವರ ಹತ್ತಿರ ಉತ್ತರ ಇರುತ್ತದೆ. ಆಕ್ಸಿಜನ್ ಸೆನ್ಸರ್ ಆದರೆ, ಬಿಸಿ ಎಂಜಿನ್‌ನಲ್ಲಿ ಅದರ ವೋಲ್ಟೇಜ್ 0.1 ಮತ್ತು 0.9ರ ನಡುವೆ ಓಡಾಡುತ್ತಿದೆಯಾ, ಗಾಳಿ ದಾರಿಗೆ ಒಂದಿಷ್ಟು ಗ್ಯಾಸ್ ಬಿಟ್ಟಾಗ ತಕ್ಷಣ ಮೇಲೇರುತ್ತದೆಯಾ ಅಂತ ನೋಡಿರಬೇಕು. ಟೆಂಪರೇಚರ್ ಸೆನ್ಸರ್ ಮೇಲೆ ಅನುಮಾನವಿದ್ದರೆ, ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿದರೆ ಸಾಕು, ಕೂಲಂಟ್ ಮತ್ತು ಒಳಗಾಳಿಯ ತಾಪಮಾನ ಹೆಚ್ಚುಕಮ್ಮಿ ಒಂದೇ ಇರಬೇಕು. ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರಿನವರು ಇನ್ನೊಂದು ವಿಷಯ ತಿಳಿದಿರಿ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಎಂಜಿನ್ ಆಫ್ ಇದ್ದಾಗ ಇಲ್ಲಿ ಅದು ಸುಮಾರು 91 ಕಿಲೋಪ್ಯಾಸ್ಕಲ್ ತೋರಿಸಿದರೆ ಸರಿಯಾಗಿಯೇ ಇದೆ. ಮಂಗಳೂರಿನಲ್ಲಾದರೆ 101ರ ಹತ್ತಿರ ಇರುತ್ತದೆ. "100 ಬರಬೇಕು, ಕಮ್ಮಿ ಬರ್ತಿದೆ" ಅಂತ ಯಾರಾದರೂ ಅಂದರೆ ನಂಬಬೇಡಿ.

ಒಂದೇ ಸಲಕ್ಕೆ ಸಂಬಂಧವಿಲ್ಲದ ನಾಲ್ಕಾರು ಸೆನ್ಸರ್ ಕೋಡ್ ಬಂದರೆ ಅಷ್ಟೂ ಒಟ್ಟಿಗೆ ಕೆಟ್ಟಿರುವುದು ಬಹಳ ಅಪರೂಪ. ಎಂಜಿನ್ ಅರ್ತ್ ವೈರ್ ತುಕ್ಕು ಹಿಡಿದಿದೆಯಾ, ಇಲಿ ವೈರ್ ಕಡಿದಿದೆಯಾ ಅಂತ ಮೊದಲು ನೋಡಿಸಿ. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದ ಮೇಲಂತೂ ತಪ್ಪದೆ ನೋಡಿಸಿ. ಆದರೆ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಮಾತ್ರ ಕಾಯಬೇಡಿ, ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ ಕನ್ವರ್ಟರ್ ನಿಜಕ್ಕೂ ಸುಟ್ಟುಹೋಗುತ್ತದೆ.

2013ರ ಏಪ್ರಿಲ್‌ನಿಂದ ಈಚೆಗೆ ಬಂದ ಕಾರುಗಳಲ್ಲಿ ಎಲ್ಲ ಕಂಪನಿಗೂ ಒಂದೇ ಥರದ ಒಬಿಡಿ-2 ತಪಾಸಣಾ ವ್ಯವಸ್ಥೆ ಕಡ್ಡಾಯವಾದ್ದರಿಂದ ಸಾದಾ ಸ್ಕ್ಯಾನರ್ ಸಾಕು. ಅದಕ್ಕಿಂತ ಹಳೆಯ ಕೆಲವು ಕಾರುಗಳು ಕಂಪನಿಯ ಸ್ಕ್ಯಾನರ್‌ಗೆ ಮಾತ್ರ ಸ್ಪಂದಿಸುತ್ತವೆ, ಕೊಳ್ಳುವ ಮೊದಲು ವಿಚಾರಿಸಿ.

ಬಿಚ್ಚಿದ ಹಳೆ ಪಾರ್ಟ್ ಕೇಳಿ ತನ್ನಿ, ಪಾರ್ಟ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ. ಕನ್ವರ್ಟರ್ ಆದರೆ ಬಿಟ್ಟು ಬರಲೇಬೇಡಿ, ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತದೆ, ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ಮೋಸ ಆಗಿದೆ ಅನ್ನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ವ್ಯವಹಾರಕ್ಕೆ ದೂರು ಶುಲ್ಕ ಇಲ್ಲ. ಮಾವನ ಕೈಲಿ ಇರುವುದು ಬಿಳಿ ಚೀಟಿಯ ಎಸ್ಟಿಮೇಟ್ ಮತ್ತು ಯುಪಿಐ ದಾಖಲೆ. ಆ ಡೂಪ್ಲಿಕೇಟ್ ಸೆನ್ಸರ್ ಜೊತೆಗೆ ಅವನ್ನೇ ಜೋಡಿಸಿ ದೂರು ಕೊಡುತ್ತಿದ್ದೇವೆ.